ಹೊಟ್ಟೆಗೆ ಆಪರೇಷನ್, ನೋವು ಗಂಟಲಿಗೆ

ಪಿತ್ತಕೋಶದ ಕಲ್ಲು ತೆಗೆಸಿಕೊಂಡವರು ಎಚ್ಚರವಾದೊಡನೆ ಹೊಟ್ಟೆಯ ಹೊಲಿಗೆಗಿಂತ ಮೊದಲು ಗಂಟಲು ಮುಟ್ಟಿಕೊಳ್ಳುವುದುಂಟು. ‘ಉಗುಳು ನುಂಗಕ್ಕೂ ಆಗ್ತಿಲ್ಲ, ಕತ್ತರಿ ಹಾಕಿದ್ದು ಎಲ್ಲಿಗೆ ಡಾಕ್ಟ್ರೇ?’ ಎಂಬ ಪ್ರಶ್ನೆ ವಾರ್ಡುಗಳಿಗೆ ಹೊಸದಲ್ಲ. ಪ್ರಜ್ಞೆಯಿಲ್ಲದ ಹೊತ್ತಿನಲ್ಲಿ ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ್ದ ಉಸಿರಿನ ಕೊಳವೆ ತನ್ನ ಗುರುತು ಬಿಟ್ಟುಹೋಗಿರುತ್ತದೆ. ಕೆನಡಾದ ಟೊರೊಂಟೊದಲ್ಲಿ ಅಂದೇ ಬಂದು ಅಂದೇ ಮನೆಗೆ ಹೋಗುವ 5,264 ಶಸ್ತ್ರಚಿಕಿತ್ಸಾ ರೋಗಿಗಳನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳವೆ ಹಾಕಿಸಿಕೊಂಡವರ ಪೈಕಿ ಶೇ. 45ರಷ್ಟು ಮಂದಿಗೆ ಗಂಟಲು ನೋವಿತ್ತು. ಬರೀ ಮುಖವಾಡದಿಂದ ಅರಿವಳಿಕೆ ಪಡೆದವರಲ್ಲಿ ಅದು ಶೇ. 3.3 ಮಾತ್ರ.

ಅರಿವಳಿಕೆಗಾಗಿ ಬಾಯಿಯ ಮೂಲಕ ಕೊಳವೆ ಇಳಿಸಿದ ಮೊದಲಿಗ ಗ್ಲಾಸ್ಗೋದ ಸರ್ಜನ್ ವಿಲಿಯಂ ಮೆಕ್ಯೂಯನ್. 1878ರಲ್ಲಿ ನಾಲಿಗೆಯ ಬುಡದಲ್ಲಿ ಗಡ್ಡೆಯಾಗಿದ್ದ ರೋಗಿಯೊಬ್ಬನಿಗೆ, ಆತ ಎಚ್ಚರವಾಗಿರುವಾಗಲೇ, ಬೆರಳನ್ನೇ ದಾರಿಯಾಗಿಸಿ ಕೊಳವೆ ತೂರಿಸಿ ಆಮೇಲೆ ಕ್ಲೋರೋಫಾರ್ಮ್ ಕೊಟ್ಟ. ಮುಂಚಿನ ದಿನಗಳಲ್ಲಿ ಅದರ ತಾಲೀಮೂ ನಡೆದಿತ್ತು. ಆ ತಾಲೀಮಿನಲ್ಲಿ ರೋಗಿ ಎಷ್ಟು ಉಬ್ಬಳಿಸಿರಬೇಕು ಎಂಬುದನ್ನು ಊಹಿಸಿಕೊಂಡರೆ ಸಾಕು.

ಮೊದಲನೇ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಚಿಕಿತ್ಸೆ ನಡೆಯುವಾಗ ಐವನ್ ಮ್ಯಾಗಿಲ್ ಮತ್ತು ಸ್ಟ್ಯಾನ್ಲಿ ರೋಬೋಥಂ ಈ ಕೆಲಸವನ್ನು ನಿತ್ಯದ ಕಸುಬಾಗಿಸಿದರು. ಕೆಂಪು ರಬ್ಬರಿನ ಬಾಗಿದ ಮ್ಯಾಗಿಲ್ ಕೊಳವೆ ದಶಕಗಳ ಕಾಲ ಆಪರೇಷನ್ ಕೋಣೆಗಳನ್ನು ಆಳಿತು. 1928ರಲ್ಲಿ ಅಮೆರಿಕದ ಆರ್ಥರ್ ಗ್ಯೂಡೆಲ್ ಮತ್ತು ರಾಲ್ಫ್ ವಾಟರ್ಸ್ ಕೊಳವೆಯ ತುದಿಗೆ, ಗಾಳಿ ತುಂಬಿದರೆ ಉಬ್ಬಿ ಸಂದು ಮುಚ್ಚುವ ಕಫ್ ಎಂಬ ಪಟ್ಟಿ ತೊಡಿಸಿದರು. ಅದು ಸೋರುವುದಿಲ್ಲವೆಂದು ತೋರಿಸಲು ಗ್ಯೂಡೆಲ್ ಒಂದು ನಾಯಿಗೆ ಅರಿವಳಿಕೆ ಕೊಟ್ಟು, ಕೊಳವೆ ಹಾಕಿ, ನೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿಟ್ಟ. ನಾಯಿ ಬದುಕಿ ಎದ್ದು ಮೈ ಕೊಡವಿಕೊಂಡಿತು. ಅದರ ಹೆಸರು ‘ಏರ್‌ವೇ’. ಶ್ವಾಸಕೋಶಕ್ಕೆ ಹನಿ ನೀರು ಇಳಿಯಲಿಲ್ಲ ಎಂಬುದಷ್ಟೇ ಅಂದು ಮುಖ್ಯವಾಗಿತ್ತು. ಕಫ್ ಒತ್ತಿಕೊಂಡಿದ್ದ ಶ್ವಾಸನಾಳದ ಗೋಡೆ ಏನಾಯಿತು ಎಂದು ಕೇಳುವವರು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಆ ಗೋಡೆಯ ಒಳಪೊರೆಯಲ್ಲಿ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳಿವೆ. ಕಫ್ ಬಿಗಿದರೆ ಅಲ್ಲಿಗೆ ರಕ್ತ ಬರುವುದಿಲ್ಲ. ರಬ್ಬರಿನ ಜಾಗಕ್ಕೆ ಪ್ಲಾಸ್ಟಿಕ್ ಬಂದು, ಚಿಕ್ಕ ಬಿಗಿ ಕಫ್ ಹೋಗಿ ದೊಡ್ಡ ಸಡಿಲ ಕಫ್ ಬಂದದ್ದು ಇದಕ್ಕೇ. 1984ರಲ್ಲಿ ಸೀಗೋಬಿನ್ ಮತ್ತು ವಾನ್ ಹ್ಯಾಸೆಲ್ಟ್ 40 ರೋಗಿಗಳ ಶ್ವಾಸನಾಳದೊಳಗೆ ಎಂಡೋಸ್ಕೋಪ್ ಇಳಿಸಿ, ಒತ್ತಡ ಏರಿದಂತೆ ಪೊರೆ ಬಿಳಿಚಿಕೊಳ್ಳುವುದನ್ನು ಕಣ್ಣಾರೆ ನೋಡಿದರು. 30 ಸೆಂ.ಮೀ. ನೀರಿನ ಒತ್ತಡ ದಾಟಬಾರದು ಎಂಬ ಇಂದಿನ ಗೆರೆ ಅಲ್ಲಿಂದ ಬಂದದ್ದು.

ಗೆರೆ ಎಳೆದದ್ದಾಯಿತು, ಪಾಲಿಸುವವರು ಯಾರು? ಕಫ್‌ಗೆ ಜೋಡಿಸಿದ, ರೋಗಿಯ ಬಾಯಿಯಾಚೆ ಜೋತುಬಿದ್ದ ಪುಟಾಣಿ ಪೈಲಟ್ ಬಲೂನಿಗೆ ಸಿರಿಂಜಿನಿಂದ ಗಾಳಿ ತಳ್ಳಿ, ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ‘ಸಾಕು’ ಎನ್ನುವುದು ಹಳೆಯ ರೂಢಿ. ಶಾಂಘೈಯ ನಾಲ್ಕು ಆಸ್ಪತ್ರೆಗಳಲ್ಲಿ 509 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಈ ಬೆರಳ ಲೆಕ್ಕವನ್ನು ಬಯಲಿಗೆಳೆಯಿತು. ಹಾಗೆ ತುಂಬಿದ ಕಫ್‌ಗಳ ಸರಾಸರಿ ಒತ್ತಡ ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟಿತ್ತು. ಮಾಪಕದಿಂದ ಅಳೆದು ಸರಿಪಡಿಸಿದವರಲ್ಲಿ ಗಂಟಲ ತೊಂದರೆಗಳು ಇಳಿದವು. ಸಾಲದ್ದಕ್ಕೆ ಅರಿವಳಿಕೆಯ ನೈಟ್ರಸ್ ಆಕ್ಸೈಡ್ ಅನಿಲ ಮೆಲ್ಲಗೆ ಕಫ್ ಒಳಗೂ ನುಸುಳುತ್ತದೆ. ಶುರುವಿನಲ್ಲಿ ಸರಿಯಿದ್ದ ಒತ್ತಡ ಎರಡು ಗಂಟೆಯ ಮೇಲೆ ಸರಿಯಿರಬೇಕೆಂದೇನಿಲ್ಲ. ಮಾಪಕವೇನೂ ಭಾರಿ ಯಂತ್ರವಲ್ಲ, ಅಂಗೈಯಲ್ಲಿ ಹಿಡಿಯುವಂಥದ್ದು. ಅದನ್ನು ಬಳಸದಿರುವುದಕ್ಕೆ ಸೋಮಾರಿತನದ ಹೊರತು ಬೇರೆ ಕಾರಣ ಸಿಗುವುದು ಕಷ್ಟ.

ಕೊಳವೆಯನ್ನೇ ಬಿಟ್ಟರೆ? 1981ರಲ್ಲಿ ಲಂಡನ್ನಿನ ಆರ್ಚಿ ಬ್ರೇನ್ ರೂಪಿಸಿದ ಲ್ಯಾರಿಂಜಿಯಲ್ ಮಾಸ್ಕ್ ದನಿಪೆಟ್ಟಿಗೆಯ ಮೇಲೆಯೇ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಟೊರೊಂಟೊ ಲೆಕ್ಕದಲ್ಲಿ ಅದರಿಂದ ನೋವು ಶೇ. 17.5ಕ್ಕೆ ತಗ್ಗಿತ್ತು. ಆದರೆ ಎಲ್ಲ ಶಸ್ತ್ರಚಿಕಿತ್ಸೆಗೂ ಅದು ಒಗ್ಗದು. ಕೊಳವೆ ಬೇಕೇ ಬೇಕಾದಲ್ಲಿ ಒಂದು ಸೈಜು ಸಣ್ಣದು ಹಾಕಿದರೂ ಗಂಟಲಿಗೆ ಹಗುರ.

ಔಷಧದ ಕಡೆಯ ಕಥೆಗೆ ಏಳುಬೀಳು ಜಾಸ್ತಿ. ಮರಗಟ್ಟಿಸುವ ಲಿಡೋಕೇನ್ ಜೆಲ್ಲಿಯನ್ನು ಕೊಳವೆಗೆ ಸವರಿದರೆ ನೋವೇ ಇರದು ಎಂಬ ನಂಬಿಕೆ ಕೈಕೊಟ್ಟಿತು. ನಮ್ಮ ಕರಾವಳಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು 2008ರಲ್ಲಿ ಅದನ್ನು ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಜೆಲ್ ಜೊತೆ ಹೋಲಿಸಿದಾಗ ಗೆದ್ದದ್ದು ಸ್ಟೀರಾಯ್ಡ್. ಅದೇ ದಶಕದಲ್ಲಿ ಟರ್ಕಿಯ ವೈದ್ಯರು ಕೆಟಮೀನ್ ಎಂಬ ಅರಿವಳಿಕೆ ಔಷಧ ಬೆರೆಸಿದ ನೀರನ್ನು ರೋಗಿಗಳಿಗೆ ಮುಕ್ಕಳಿಸಲು ಕೊಟ್ಟು ನೋಡಿದರು.

ಕನ್ನಡಿಗರಿಗೆ ಹತ್ತಿರವೆನಿಸುವ ಹೆಸರು ಬರುವುದು 2009ರಲ್ಲಿ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ತಜ್ಞರು ಅರ್ಧ ಗ್ರಾಂ ಜ್ಯೇಷ್ಠಮಧುವನ್ನು 30 ಮಿ.ಲೀ. ನೀರಿಗೆ ಬೆರೆಸಿ, ಅರಿವಳಿಕೆಗೆ ಐದು ನಿಮಿಷ ಮುಂಚೆ ರೋಗಿಗಳಿಗೆ ಮುಕ್ಕಳಿಸಲು ಕೊಟ್ಟರು. ನೋವು ಕಡಿಮೆಯಾಯಿತು. ಅಜ್ಜಿಯರು ಕೆಮ್ಮಿಗೆ ಜಗಿಯಲು ಕೊಡುತ್ತಿದ್ದ ಅದೇ ಕಡ್ಡಿ! ಪ್ರಯೋಗ ಚಿಕ್ಕದು, 40 ಮಂದಿಯದು. ಹಾಗಾಗಿ ಅನುಮಾನ ಸಹಜವಿತ್ತು. 2013ರಲ್ಲಿ ವಿಯೆನ್ನಾದ ತಂಡ 236 ಮಂದಿಯ ಮೇಲೆ, ಅದೂ ಮಾಮೂಲಿಗಿಂತ ದಪ್ಪನೆಯ ಜೋಡಿ ಕೊಳವೆ ಬೇಕಾಗುವ ಎದೆಯ ಶಸ್ತ್ರಚಿಕಿತ್ಸೆಯಲ್ಲಿ, ಇದನ್ನೇ ಒರೆಗೆ ಹಚ್ಚಿತು. ಹೋಲಿಕೆಗೆ ಇಟ್ಟದ್ದು ಸಕ್ಕರೆ ನೀರು. ನಾಲಿಗೆಯಿಂದಲೇ ಗುಟ್ಟು ರಟ್ಟಾಗಬಾರದಲ್ಲ. ಜ್ಯೇಷ್ಠಮಧು ಮತ್ತೆ ಗೆದ್ದಿತು.

ಹಾಗೆಂದು ಆಪರೇಷನ್ನಿನ ಬೆಳಿಗ್ಗೆ ಮನೆಯಲ್ಲೇ ಕಷಾಯ ಕಾಯಿಸಿ ಕುಡಿದು ಹೋಗಬೇಡಿ, ಹೊಟ್ಟೆ ಖಾಲಿಯಿರಬೇಕು. ಪ್ರಯೋಗಗಳಲ್ಲಿ ಮುಕ್ಕಳಿಸಿ ಉಗುಳಿದ್ದು, ಅದೂ ವೈದ್ಯರ ಮುಂದೆ. ಹಾಡುವವರು, ಪಾಠ ಹೇಳುವವರು, ಭಾಗವತಿಕೆ ಮಾಡುವವರು ಅರಿವಳಿಕೆ ತಜ್ಞರು ತಪಾಸಣೆಗೆ ಬಂದಾಗಲೇ ತಮ್ಮ ದನಿಯ ಮಾತು ಎತ್ತುವುದು ಒಳ್ಳೆಯದು. ಗಂಟಲ ಕೆರೆತ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ವಾರ ಕಳೆದರೂ ದನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.