ಕಪಿಲೆಯ ರಾಟೆ ಮತ್ತು ಕೆಲಸದ ಲೆಕ್ಕ

ಬಯಲುಸೀಮೆಯ ಬಾವಿ ಬೇಸಾಯದ ಚರಿತ್ರೆಯಲ್ಲಿ ಕಪಿಲೆಗೆ ಪ್ರಮುಖ ಸ್ಥಾನವಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಇದನ್ನು ಹೆಸರಿಸಿ ದಾಖಲಿಸಿದ್ದಾನೆ. ಜಾನಪದ ಅಧ್ಯಯನದಲ್ಲಿ ಕಪಿಲೆ ಹೆಚ್ಚಾಗಿ ಹಾಡಿನ ಸಂದರ್ಭವೆಂದು ಪರಿಗಣಿತವಾಗಿದೆ. ಅದು ಒಂದು ಯಂತ್ರವೂ ಹೌದೆಂಬುದನ್ನು ಗಮನಿಸಿದರೆ ಹಾಡಿನ ಅರ್ಥವೂ ವಿಸ್ತಾರಗೊಳ್ಳುತ್ತದೆ.

ಬಾವಿಯ ಅಂಚಿನ ಚೌಕಟ್ಟಿಗೆ ಬಿಗಿದ ರಾಟೆಯ ಮೇಲೆ ಹಾಯುವ ದಪ್ಪ ಹಗ್ಗ ತೊಗಲಿನ ಚೀಲವನ್ನು ಎತ್ತುತ್ತಿತ್ತು. ಕೆಳಗಿನ ಉರುಳೆಯ ಮೇಲಿನ ತೆಳು ಹಗ್ಗ ಚೀಲದ ಸೊಂಡಿಲನ್ನು ಹಿಡಿದಿರುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದಂತೆ ಚೀಲ ಮೇಲೇರಿ, ಸೊಂಡಿಲಿನಿಂದ ನೀರು ತೊಟ್ಟಿಗೆ ಸುರಿಯುತ್ತಿತ್ತು.

ಬಲ ಮತ್ತು ದೂರಗಳ ಗುಣಲಬ್ಧಕ್ಕೆ ‘ಕೆಲಸ’ವೆಂಬ ಪಾರಿಭಾಷಿಕ ಅರ್ಥವನ್ನು ಫ್ರಾನ್ಸಿನ ಕೊರಿಯೊಲಿಸ್ 1829ರಲ್ಲಿ ನೀಡಿದನು. ಈ ಅಳತೆಯನ್ನು ಕಪಿಲೆಗೆ ಅನ್ವಯಿಸಬಹುದು. ಚೀಲದಲ್ಲಿ 100 ಲೀಟರ್ ನೀರು, ಆಳ 10 ಮೀಟರ್ ಎಂದಿಟ್ಟುಕೊಳ್ಳೋಣ. ಬೇಕಾದ ಬಲ 980 ನ್ಯೂಟನ್. ಕೆಲಸ 9,800 ಜೌಲ್. ಸ್ಥಿರ ರಾಟೆ ಈ ಬಲವನ್ನು ಕಡಿಮೆ ಮಾಡದು. ಮೇಲೆತ್ತುವುದನ್ನು ಮುಂದಕ್ಕೆಳೆಯುವುದಾಗಿ ತಿರುಗಿಸುತ್ತದೆ, ಅಷ್ಟೇ. ಆದುದರಿಂದ ಎತ್ತುಗಳೂ 10 ಮೀಟರ್ ನಡೆಯಲೇಬೇಕು. ಘರ್ಷಣೆ ಮತ್ತು ಚೀಲದ ತೂಕ ಸೇರಿದರೆ ಹೊರೆ ಇನ್ನೂ ಹೆಚ್ಚು.

ನೆರವಾಗುತ್ತಿದ್ದುದು ಇಳಿಜಾರು. ಜೋಡಿ ಎತ್ತುಗಳ ತೂಕ 600 ಕಿಲೋಗ್ರಾಂ, ಆ 10 ಮೀಟರಿನಲ್ಲಿ ಇಳಿತ 1 ಮೀಟರ್ ಎಂದರೆ, ಅವುಗಳ ತೂಕವೇ 5,880 ಜೌಲ್ ಕೆಲಸ ಮಾಡುತ್ತದೆ. ಉಳಿದ 3,920 ಜೌಲ್ ಮಾತ್ರ ಸ್ನಾಯುಬಲದ ಪಾಲು. ಹೊಡೆಯುವವನು ಹಗ್ಗದ ಮೇಲೆ ಕುಳಿತು ಇಳಿಯುತ್ತಿದ್ದುದರ ತರ್ಕವೂ ಇದೇ. ಆದರೆ ಇದು ಉಚಿತವಲ್ಲ. ಮತ್ತೆ ಮೇಲೇರುವಾಗ ಅದೇ 5,880 ಜೌಲನ್ನು ಎತ್ತುಗಳು ತೆರಬೇಕು. ಒಂದೇ ಸಲಕ್ಕೆ ಬೀಳಬಹುದಾದ ಭಾರವನ್ನು ಹೋಗುಬರುವಿನ ಎರಡು ಪಾಲಿಗೆ ಹಂಚಿದ್ದೇ ಈ ರಚನೆಯ ಜಾಣ್ಮೆ.

ಎತ್ತಿದ ನೀರನ್ನಷ್ಟೇ ಅಳೆಯುವ ಲೆಕ್ಕದಲ್ಲಿ ಈ ಮರಳುದಾರಿ ಕಾಣದು. ದುಡಿಯುವವನಿಗೆ ಮಾತ್ರ ಇಳಿತ-ಏರುಗಳೆರಡೂ ಸೇರಿಯೇ ಒಂದು ಆವರ್ತ. ಶ್ರಮಗೀತೆಯ ಲಯವನ್ನು ಈ ಆವರ್ತದಿಂದ ಬೇರ್ಪಡಿಸಿ ಓದಲಾಗದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯುತ್ ಪಂಪುಗಳು ವ್ಯಾಪಿಸಿದಂತೆ ಕಪಿಲೆ ಮರೆಯಾಯಿತು. ಹಾಳುಬಾವಿಗಳ ಬಳಿ ಆ ಇಳಿಜಾರುಗಳು ಉಳಿದಿರುವಲ್ಲೆಲ್ಲ ಅವುಗಳ ಉದ್ದ, ಇಳಿತ, ಬಾವಿಯ ಆಳಗಳನ್ನು ಅಳೆದು ಹಾಡಿನ ಪಠ್ಯದೊಡನೆ ದಾಖಲಿಸುವುದು ಅಗತ್ಯ. ಅಳತೆಯಿಲ್ಲದ ಪಠ್ಯದಲ್ಲಿ ದುಡಿಮೆಯ ಅರ್ಧಭಾಗ ಮೌನವಾಗಿಯೇ ಉಳಿಯುತ್ತದೆ.