ಕಾಣದ ಕೈಗಳು: ಫಿರಂಗಿ ದಳದ ಸೇವೆ

ಯುದ್ಧ ಅಂದ ಕೂಡಲೇ ಬಂದೂಕು ಹಿಡಿದು ಗುಡ್ಡ ಹತ್ತುವ ಸೈನಿಕನೇ ನಮ್ಮ ಕಣ್ಣಿಗೆ ಕಟ್ಟುತ್ತಾನೆ. ಮೈಲಿಗಟ್ಟಲೆ ಹಿಂದೆ ನಿಂತ ಫಿರಂಗಿ ದಳದವರನ್ನು ನೆನೆಯುವವರು ಕಡಿಮೆ.

1827ರ ಸೆಪ್ಟೆಂಬರ್ 28ರಂದು ಆರಂಭವಾದ ಬಾಂಬೆ ಪರ್ವತ ಬ್ಯಾಟರಿಯ ನೆನಪಿಗೆ ಈ ದಳ ಇಂದಿಗೂ ಆ ದಿನವನ್ನು ಆಚರಿಸುತ್ತದೆ. ಹಿಂದೆ ಪರ್ವತ ತೋಪುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು. ಬೇರೆ ದಳಗಳಿಗೆ ಧ್ವಜ ಹೇಗೋ ಇವರಿಗೆ ತೋಪು ಹಾಗೆ, ಅದಕ್ಕೇ ಗೌರವ.

1999ರ ಕಾರ್ಗಿಲ್ ಯುದ್ಧದಲ್ಲಿ ಶತ್ರು ಮೇಲೆ, ನಮ್ಮವರು ಕೆಳಗೆ. ಮರೆಗೆ ಒಂದು ಮರವೂ ಇಲ್ಲದ ಬೋಳು ಬೆಟ್ಟ. 155 ಮಿಲಿಮೀಟರಿನ ಬೋಫೋರ್ಸ್ ತೋಪುಗಳು ಶಿಖರದ ಮೇಲೆ ಗುಂಡಿನ ಮಳೆ ಸುರಿಸುತ್ತಿದ್ದಾಗಲೇ ಕಾಲಾಳುಗಳು ಹತ್ತಬೇಕಿತ್ತು. ಅವರ ಜೊತೆಗೇ ಫಿರಂಗಿ ದಳದ ಅಧಿಕಾರಿಯೊಬ್ಬ ರೇಡಿಯೋ ಹೊತ್ತವರೊಂದಿಗೆ ಏರುತ್ತಾ, ಗುಂಡು ಎಲ್ಲಿ ಬಿತ್ತು, ಎಷ್ಟು ಸರಿಸಬೇಕು ಅಂತ ಹಿಂದಕ್ಕೆ ತಿಳಿಸುತ್ತಿದ್ದ. ಲೆಕ್ಕ ಸ್ವಲ್ಪ ತಪ್ಪಿದರೂ ಗುಂಡು ನಮ್ಮವರ ತಲೆ ಮೇಲೇ! ಹಾಗಂತ ಬೇಗ ನಿಲ್ಲಿಸಿದರೆ ಶತ್ರು ತಲೆ ಎತ್ತುತ್ತಾನೆ.

ದ್ರಾಸ್ ಭಾಗದ 5140 ಮೀಟರ್ ಎತ್ತರದ ಶಿಖರ ಜೂನ್ ತಿಂಗಳಲ್ಲಿ ಹೀಗೇ ಕೈವಶವಾಯಿತು. 2022ರಲ್ಲಿ ಅದಕ್ಕೆ 'ಗನ್ ಹಿಲ್', ಅಂದರೆ ತೋಪಿನ ಬೆಟ್ಟ ಎಂದು ಹೆಸರಿಟ್ಟರು. ಇಪ್ಪತ್ಮೂರು ವರ್ಷ ತಡವಾಯಿತು ಅನ್ನಿ.