ಖಾನಾವಳಿ: ಪೇಟೆಗೆ ಬಂದ ಹಳ್ಳಿಯ ಒಲೆ

ನವಲಗುಂದ ತಾಲ್ಲೂಕಿನ ತಿರ್ಲಾಪುರಕ್ಕೆ ಹೋದ ಪರಊರಿನವರು ‘ಇಲ್ಲಿ ಜೋಳದ ರೊಟ್ಟಿ ಊಟ ಎಲ್ಲಿ ಸಿಗುತ್ತದೆ?’ ಎಂದು ಕೇಳಿದರೆ ಊರವರಿಗೆ ನಗು ಬಂದೀತು. ‘ಎಲ್ಲಿ ಅಂದರ ಏನ್ರೀ, ಮನ್ಯಾಗ! ಬರ್ರಿ, ಉಂಡು ಹೋಗೀರಂತ’ ಎಂದಾರು. ಎರೆಮಣ್ಣಿನ ಈ ಸೀಮೆಯಲ್ಲಿ ರೊಟ್ಟಿ ಮಾರಾಟದ ಸರಕಾಗಿರಲಿಲ್ಲ. ಬಂದವರಿಗೆ ಬಡಿಸುವುದು, ಹೊಲಕ್ಕೆ ಬುತ್ತಿ ಕಟ್ಟುವುದು, ಇವೇ ಅದರ ದಾರಿಗಳು. ಅದೇ ಪ್ರಶ್ನೆಯನ್ನು ಧಾರವಾಡದಲ್ಲಿ ಕೇಳಿದರೆ ಉತ್ತರ ಬೇರೆ: ‘ಖಾನಾವಳಿಗೆ ಹೋಗ್ರಿ.’ ಮನೆಯೊಳಗಿನ ಊಟ ಪೇಟೆಯಲ್ಲಿ ದುಡ್ಡಿಗೆ ಸಿಗುವಂತಾದ ಕತೆಯಲ್ಲಿ ಈ ಭಾಗದ ಶಿಕ್ಷಣದ ಚರಿತ್ರೆಯಿದೆ, ಜಾತಿಯ ಚರಿತ್ರೆಯೂ ಇದೆ.

‘ಖಾನಾವಳಿ’ ಮರಾಠಿಯ ‘ಖಾಣಾವಳ್’ ಎಂಬ ಮಾತಿನಿಂದ ಬಂದದ್ದು. 1956ರ ಏಕೀಕರಣದವರೆಗೂ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಆ ನಂಟಿನೊಂದಿಗೆ ಮಾತೂ ಬಂತು, ಪದ್ಧತಿಯೂ ಬಂತು. ಮುಂಬಯಿಯಲ್ಲಿ ಹಳ್ಳಿ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಮನೆಮನೆಯ ಹೆಂಗಸರು ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕುತ್ತಿದ್ದರು. ಅಂಥ ಹೆಂಗಸರನ್ನು ಸಾಲದ ಸುಳಿಯಿಂದ ಬಿಡಿಸಲೆಂದೇ 1975ರಲ್ಲಿ ಪ್ರೇಮಾ ಪುರವ ಅವರು ಅಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಮುಂಬಯಿಯ ಖಾನಾವಳಿಗೆ ಗಿರಣಿ ಹೇಗೋ ಧಾರವಾಡದ ಖಾನಾವಳಿಗೆ ಶಾಲೆ-ಕಾಲೇಜು ಹಾಗೆ.

ಧಾರವಾಡ ಜಿಲ್ಲಾ ಕೇಂದ್ರ. ಕೋರ್ಟು, ಕಚೇರಿ, ಸಂತೆಗಳಿಗೆ ಜನ ಬರುತ್ತಿದ್ದರು. ಆದರೆ ಬಂದವರು ಬುತ್ತಿ ಉಂಡು ಸಂಜೆಗೆ ಮರಳುತ್ತಿದ್ದರು. ವರ್ಷಗಟ್ಟಲೆ ಉಳಿದವರು ವಿದ್ಯಾರ್ಥಿಗಳು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವೂ ಧಾರವಾಡದಲ್ಲಿ ನೆಲೆಯೂರಿತು. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತ ಒಕ್ಕಲಿಗರ ಮಕ್ಕಳು ಬಾಡಿಗೆ ಕೋಣೆ ಹಿಡಿದರು. ಓದಿಗೆ ಫೀ ಹೊಂದಿಸುವುದೇ ಕಷ್ಟ. ಎರಡು ಹೊತ್ತಿನ ಕೂಳಿಗೆ ಏನು ಮಾಡಬೇಕು?

ಇದಕ್ಕೆ ಆ ಕಾಲ ಹಲವು ಉಪಾಯ ಕಂಡುಕೊಂಡಿತ್ತು. ಬ್ರಾಹ್ಮಣರ ಹುಡುಗರು ವಾರಕ್ಕೊಂದು ದಿನ ಒಂದೊಂದು ಮನೆಯಂತೆ ವಾರಾನ್ನ ಉಂಡು ಓದಿದರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿ ಬಡ ಮಕ್ಕಳನ್ನು ಸಾಕಿದರು. ಇನ್ನು ಕೆಲವರಿಗೆ ಊರಿನಿಂದ ಬುತ್ತಿ ಬರುತ್ತಿತ್ತು. ತಾಯಿ ಕಟ್ಟಿಕೊಟ್ಟ ರೊಟ್ಟಿ ಗಂಟು ಬಸ್ಸಿನಲ್ಲಿ ಬಂದು, ಮಗ ನಿಲ್ದಾಣಕ್ಕೆ ಹೋಗಿ ಅದನ್ನು ಇಳಿಸಿಕೊಳ್ಳುತ್ತಿದ್ದ. ಚೆನ್ನಾಗಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇವೆಲ್ಲ ದಿನಗಟ್ಟಲೆ ಕೆಡುವುದಿಲ್ಲ. ದೂರ ಹೋಗುವವರಿಗೆಂದೇ ಹುಟ್ಟಿದ ತಿನಿಸುಗಳು ಇವು.

ಇದಾವುದೂ ಒದಗದವರಿಗೆ ಖಾನಾವಳಿ. ತಿಂಗಳ ದುಡ್ಡು ಕೊಟ್ಟರೆ ಎರಡು ಹೊತ್ತು ಊಟ. ತಟ್ಟೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಿಕೆ ಕಾಳೋ ಹೆಸರು ಕಾಳೋ ಒಂದು ಪಲ್ಯ, ಕೆಲವು ದಿನ ಝುಣಕ, ಕೆಲವು ದಿನ ಪುಂಡಿ ಪಲ್ಯ. ಬದಿಗೆ ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು. ಕಡೆಗೆ ಒಂದಿಷ್ಟು ಅನ್ನ, ಸಾರು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಹೋಟೆಲಿನಲ್ಲಿ ಗಿರಾಕಿ ತನಗೆ ಬೇಕಾದದ್ದನ್ನು ಕೇಳುತ್ತಾನೆ. ಖಾನಾವಳಿಯಲ್ಲಿ ಆ ದಿನ ಒಲೆಯ ಮೇಲೆ ಆದದ್ದನ್ನು ಉಣ್ಣುತ್ತಾನೆ. ಮನೆಯ ರೀತಿಯೇ ಅದು.

ಆದರೆ ಮನೆ ಎಂದ ಕೂಡಲೇ ‘ಯಾರ ಮನೆ?’ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಏಳುತ್ತದೆ. ಖಾನಾವಳಿಗಳ ಫಲಕಗಳು ಅದಕ್ಕೆ ನೇರವಾಗಿಯೇ ಉತ್ತರ ಕೊಟ್ಟವು: ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಖಾನಾವಳಿ, ಮರಾಠಾ ಖಾನಾವಳಿ. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ನೇಕಾರಿಕೆಯ ಎಸ್‌.ಎಸ್‌.ಕೆ. ಸಮಾಜದವರು ಖಾರದ ಮಾಂಸದಡುಗೆಯ ಸಾವಜಿ ಖಾನಾವಳಿಗಳನ್ನು ತೆರೆದರು. ಈ ಫಲಕಗಳಿಗೆ ಎರಡು ಅರ್ಥ. ಒಳಗೆ ಎಂಥ ಅಡುಗೆ ಎಂಬುದು ಒಂದು; ಒಳಗೆ ಯಾರು ಕೂರಬಹುದು ಎಂಬುದು ಇನ್ನೊಂದು. ಯಾವ ಫಲಕದಲ್ಲಿಯೂ ಹೆಸರಿಲ್ಲದ ಜಾತಿಯ ಹುಡುಗ ದುಡ್ಡಿದ್ದರೂ ಹಸಿದೇ ಇರಬೇಕಾದ ಕಾಲವದು.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಈ ಮಾತನ್ನು ಮರೆಯಲಿಲ್ಲ. ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿ ಅಡ್ಡಿಯಾಗಕೂಡದೆಂದು 15ನೇ ವಿಧಿ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅದನ್ನು ಆಚರಿಸುವವರಿಗೆ 1955ರ ಕಾಯ್ದೆ ಶಿಕ್ಷೆ ಗೊತ್ತುಪಡಿಸಿತು. ಇಂದೂ ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಕಾಣುತ್ತದೆ. ಬಹಳ ಮಂದಿಗೆ ಅದೀಗ ‘ಸಸ್ಯಾಹಾರ, ಜೋಳದ ರೊಟ್ಟಿ’ ಎಂಬ ಸೂಚನೆ ಮಾತ್ರ. ಆದರೂ ರೊಟ್ಟಿ ಊಟವನ್ನು ಹಾಡಿ ಹೊಗಳುವಾಗ, ಅದೇ ಪಂಕ್ತಿಯ ಹೊರಗೆ ನಿಂತವರು ಇದ್ದರೆಂಬುದನ್ನು ನೆನೆಯದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

ಇನ್ನು ರೊಟ್ಟಿಯ ವಿಚಾರ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದುದರಿಂದಲೇ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ ತೆಳ್ಳಗೆ ಹರಡಬೇಕು. ಹಂಚಿಗೆ ಹಾಕಿ ಮೇಲ್ಮೈಗೆ ನೀರು ಸವರಿ ಹೊರಳಿಸಬೇಕು. ಬಡಿಯುವ ಸದ್ದಿನ ಲಯದಿಂದಲೇ ಕೈ ಪಳಗಿದೆಯೋ ಇಲ್ಲವೋ ಹೇಳಬಹುದು. ಖಾನಾವಳಿಯ ಹೆಸರು ಮಾಲೀಕನದಾದರೂ ಅದನ್ನು ಉಳಿಸಿದ್ದು ಹೊಗೆಯಲ್ಲಿ ಕುಳಿತು ರೊಟ್ಟಿ ಬಡಿದ ಹೆಂಗಸರ ಕೈ. ಬಸಪ್ಪ ಖಾನಾವಳಿಯಂಥ ಹೆಸರುಗಳು ಧಾರವಾಡದಾಚೆಗೂ ಗೊತ್ತು; ಆ ಕೈಗಳ ಹೆಸರು ಯಾರಿಗೂ ಗೊತ್ತಿಲ್ಲ.

ಆ ಕೈಗಳಿಗೆ ಹಿಟ್ಟು ಕೊಡುವ ಹೊಲಗಳೂ ಬದಲಾಗಿವೆ. ಎರೆ ಹೊಲದ ಹಿಂಗಾರಿ ಬೆಳೆ ಬಿಳಿಜೋಳ. ಮುಂಗಾರು ಹಿಂದೆ ಸರಿಯುವಾಗ ಬಿತ್ತಿದರೆ ನೆಲದಲ್ಲಿ ಉಳಿದ ಹಸಿ ಮತ್ತು ಚಳಿಯ ಇಬ್ಬನಿಯಲ್ಲೇ ಬೆಳೆಯುತ್ತದೆ. ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ ಆಯ್ದು ಬೆಳೆಸಿದ ಮಾಲದಂಡಿ ತಳಿಯನ್ನು, ಅಂದರೆ ಎಂ-35-1ನ್ನು, ರೈತರು ಇಂದಿಗೂ ರೊಟ್ಟಿಯ ರುಚಿಗಾಗಿ, ದನಗಳ ಮೇವಿಗಾಗಿ ಬಿಟ್ಟಿಲ್ಲ. ಆದರೆ 1970ರ ದಶಕದಲ್ಲಿ ನವಿಲುತೀರ್ಥ ಅಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆಗಳು ನವಲಗುಂದ ಸೀಮೆಗೆ ಬಂದ ಮೇಲೆ ಹತ್ತಿ, ಗೋವಿನಜೋಳಗಳು ರೊಕ್ಕದ ಆಸೆ ತೋರಿದವು. 2013ರ ಅನ್ನಭಾಗ್ಯದಿಂದ ಅಕ್ಕಿ ಮನೆಮನೆಗೆ ಮುಟ್ಟಿತು. ಹಸಿವು ನೀಗಿದ್ದು ಸಣ್ಣ ಮಾತಲ್ಲ. ಆದರೆ ಜೋಳ ಬಿತ್ತುವ ಕಾರಣಗಳು ಒಂದೊಂದಾಗಿ ಕಡಿಮೆಯಾದವು.

ಅತ್ತ ನಗರದಲ್ಲಿ ರೊಟ್ಟಿಯ ಮಾನ ಏರಿದೆ. ಬಡವರ ಕೂಳೆಂದು ಸರಿದು ಕೂತವರೇ ಈಗ ವೈದ್ಯರ ಸಲಹೆಯ ಮೇಲೆ ಅದನ್ನು ಹುಡುಕುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ಸ್ವಸಹಾಯ ಗುಂಪುಗಳ ಹೆಂಗಸರು ಕಟಕ ರೊಟ್ಟಿಯನ್ನು ಕಟ್ಟುಕಟ್ಟಾಗಿ ಮಾರುತ್ತಾರೆ, ಯಂತ್ರಗಳೂ ಬಂದಿವೆ. ಮದುವೆ, ಜಾತ್ರೆಗಳಿಗೆ ಹಳ್ಳಿಯವರೇ ರೊಟ್ಟಿಯನ್ನು ಹೊರಗೆ ಹೇಳಿ ಮಾಡಿಸುವುದೂ ರೂಢಿಯಾಗಿದೆ. ಸೊಸೆಗೆ ಬೆಳಗಿನ ಜಾವದ ಹೊಗೆ ತಪ್ಪಿದರೆ, ಇನ್ನೊಬ್ಬಾಕೆಗೆ ಅದರಿಂದ ನಾಲ್ಕು ಕಾಸು ಸಿಕ್ಕರೆ ಅದಕ್ಕೆ ಮರುಗಬೇಕಿಲ್ಲ.

ಧಾರವಾಡಕ್ಕೆ ಹೋದವರು ಪೇಢೆಯ ಪೊಟ್ಟಣ ಕಟ್ಟಿಸಿಕೊಂಡು ಬರುವುದು ವಾಡಿಕೆ. ಅದಕ್ಕೂ ಮುನ್ನ ಮಧ್ಯಾಹ್ನ ಯಾವುದಾದರೂ ಖಾನಾವಳಿ ಹೊಕ್ಕು ಪಕ್ಕದವರ ಭುಜಕ್ಕೆ ಭುಜ ತಾಗಿಸಿ ಕೂತು ಉಣ್ಣಿ. ಪಕ್ಕದಲ್ಲಿರುವವರು ಯಾರೆಂದು ಯಾರೂ ಕೇಳದಿದ್ದರೆ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ, ಸರಿಯಾದ ಜಾಗಕ್ಕೇ ಬಂದಿದ್ದೀರಿ ಎಂದು ತಿಳಿಯಿರಿ.